ಸಮುದ್ರವು ಯಾರ ಸ್ವತ್ತು?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ — ಈ ನಾಲ್ಕು ತಾಲ್ಲೂಕುಗಳ ಜನರಿಗೆ ಸಮುದ್ರವೆಂಬುದು ಕೇಳಿ ತಿಳಿದ ವಸ್ತುವೇ ಹೊರತು ದಿನವೂ ಕಾಣುವ ವಸ್ತುವಲ್ಲ. ಮುಗಿಲನ್ನು ನೋಡಿ ಬಿತ್ತುವುದು, ಕೆರೆಯ ನೀರನ್ನು ಗೇಣು ಗೇಣಾಗಿ ಅಳೆಯುವುದು, ಇದು ಇಲ್ಲಿಯ ಬಾಳು. ಇಂಥ ಸೀಮೆಯ ಸಂಸಾರಿಗಳಿಗೆ, ಲೋಕದ ರಾಷ್ಟ್ರಗಳು ಕೂಡಿ ಸಮುದ್ರದ ಸಂಪತ್ತಿಗೆ ಕಟ್ಟಳೆಗಳನ್ನು ಹೇಗೆ ಮಾಡಿಕೊಂಡವೆಂಬ ಸಮಾಚಾರದಿಂದ ಪ್ರಯೋಜನವೇನೆಂದು ಯಾರಾದರೂ ಕೇಳಬಹುದು. ಪ್ರಯೋಜನವುಂಟು. ಎಲ್ಲರಿಗೂ ಬೇಕಾದ, ಆದರೆ ಯಾರೊಬ್ಬರದೂ ಅಲ್ಲದ ವಸ್ತುವನ್ನು ಕಾದಾಡದೆ ಅನುಭವಿಸುವುದು ಹೇಗೆಂಬ ಪ್ರಶ್ನೆಯು ಸಮುದ್ರಕ್ಕೆ ಮಾತ್ರ ಸೇರಿದುದಲ್ಲ. ವೇದಾವತಿಯ ದಡದ ಜನರು ಅದೇ ಪ್ರಶ್ನೆಯೊಡನೆ ನೂರಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಬದುಕಿದ್ದಾರೆ. ಆದ್ದರಿಂದ ಮೊದಲು ಹೊಳೆಯನ್ನೂ ಅನಂತರ ಕಡಲನ್ನೂ ನೋಡಿದರೆ, ದೂರದ ಸಂಗತಿಯು ಮನೆಯ ಸಂಗತಿಯಂತೆಯೇ ತಿಳಿಯುವುದು.

ನಮ್ಮ ಹಳ್ಳಿಗಳಲ್ಲಿ ಕೆರೆಯ ನೀರಿಗೆ ನೀರುಗಂಟಿ ಎಂಬವನಿದ್ದನು. ತೂಬನ್ನು ಎತ್ತುವವನೂ ಇಳಿಸುವವನೂ ಅವನೇ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹಾಯಬೇಕು, ಬರಗಾಲದಲ್ಲಿ ಯಾವ ಭಾಗವನ್ನು ಬೀಳುಬಿಡಬೇಕು ಎಂಬುದು ಊರಿನ ಕಟ್ಟಳೆ. ತೂಬಿನ ಬಾಯಲ್ಲಿ ಗದ್ದೆಯುಳ್ಳವನು ಎಷ್ಟು ದೊಡ್ಡ ಮನುಷ್ಯನಾದರೂ ತನ್ನ ಸರದಿ ಮುಗಿದ ಮೇಲೆ ಮಡೆಯನ್ನು ಮುಚ್ಚಲೇಬೇಕು. ಹಾಗೆ ಮಾಡದಿದ್ದರೆ ಅಚ್ಚುಕಟ್ಟಿನ ಕೊನೆಯಲ್ಲಿರುವವನ ಪೈರು ಒಣಗುವುದು. ಒಂದು ಕೆರೆಗೆ ಒಂದೇ ಊರಿರುವಾಗ ಇದು ಸುಲಭ. ಆದರೆ ಒಂದು ಹೊಳೆಗೆ ಎರಡು ರಾಜ್ಯಗಳಿದ್ದರೆ ಅಲ್ಲಿ ನೀರುಗಂಟಿಯಾರು?

ವೇದ, ಅವತಿ ಎಂಬ ಎರಡು ಹೊಳೆಗಳು ಬಾಬಾಬುಡನ್ ಗಿರಿಯ ಮಗ್ಗುಲಲ್ಲಿ ಹುಟ್ಟಿ, ಒಂದಾಗಿ ವೇದಾವತಿಯೆನಿಸಿ, ಹೊಸದುರ್ಗದ ಸೀಮೆಯನ್ನು ಹಾದು ಹಿರಿಯೂರಿನ ಮೇಲ್ಗಡೆ ಮಾರಿಕಣಿವೆಗೆ ಬರುತ್ತವೆ. ಅಲ್ಲಿಂದ ಮುಂದೆ ಹೊಳೆಯು ಚಳ್ಳಕೆರೆಯ ಕಡೆಗೆ ಹರಿದು, ಆಂಧ್ರದ ಅನಂತಪುರ ಸೀಮೆಯನ್ನು ಹೊಕ್ಕು, ಮತ್ತೆ ಬಳ್ಳಾರಿಯ ನೆಲದಲ್ಲಿ ಹಗರಿಯೆಂಬ ಹೆಸರಿನಿಂದ ನಡೆದು ತುಂಗಭದ್ರೆಯನ್ನು ಸೇರುತ್ತದೆ. ತುಂಗಭದ್ರೆಯು ಕೃಷ್ಣೆಯನ್ನೂ, ಕೃಷ್ಣೆಯು ಬಂಗಾಳ ಕೊಲ್ಲಿಯನ್ನೂ ಕೂಡುತ್ತವೆ. ಹೀಗೆ ಹೊಸದುರ್ಗದ ಹೊಲದಿಂದ ಹರಿದುಹೋದ ಹನಿಯು ದಾರಿಯಲ್ಲಿ ಯಾರ ಕೈಗೂ ಸಿಕ್ಕದಿದ್ದರೆ ಸಮುದ್ರಕ್ಕೇ ಹೋಗಿ ಬೀಳುವುದು.

ಈ ಹೊಳೆಗೆ ಮೇಲಿನವರು ಕಟ್ಟೆ ಕಟ್ಟಿದರೆ ಕೆಳಗಿನವರಿಗೆ ನೀರು ಕಡಮೆಯಾಗುವುದೆಂಬ ಭಯವು ಸಹಜವಾದುದು. ಮೈಸೂರು ಸಂಸ್ಥಾನವೂ ಮದ್ರಾಸು ಸರ್ಕಾರವೂ ೧೮೯೨ರ ಫೆಬ್ರವರಿ ೧೮ರಂದು ಒಂದು ಒಡಂಬಡಿಕೆಯನ್ನು ಮಾಡಿಕೊಂಡುದು ಇಂಥ ಭಯದ ಪರಿಹಾರಕ್ಕಾಗಿಯೇ. ಕಾವೇರಿಯ ಮಾತು ಬಂದಾಗಲೆಲ್ಲ ಈ ಕರಾರಿನ ಹೆಸರು ಕೇಳಿಬರುತ್ತದೆ. ಆದರೆ ಅದರ ಪಟ್ಟಿಯಲ್ಲಿ ಕಾವೇರಿ, ತುಂಗಭದ್ರೆ, ಪಾಲಾರುಗಳ ಜೊತೆಗೆ ನಮ್ಮ ವೇದಾವತಿಯೂ ಸೇರಿತ್ತೆಂಬುದನ್ನು ಅನೇಕರು ಅರಿಯರು. ಪಟ್ಟಿಯಲ್ಲಿರುವ ಮುಖ್ಯ ಹೊಳೆಗಳಿಗೆ ಅಡ್ಡಲಾಗಿ ಮೈಸೂರಿನವರು ನೀರಾವರಿಗಾಗಿ ಹೊಸ ಕಟ್ಟೆಯನ್ನು ಕಟ್ಟಬೇಕಾದರೆ, ಅದರ ವಿವರಗಳನ್ನೆಲ್ಲ ಮುಂಚಿತವಾಗಿ ಮದ್ರಾಸಿಗೆ ಕಳುಹಿಸಿ ಒಪ್ಪಿಗೆ ಪಡೆಯತಕ್ಕದ್ದು. ಮದ್ರಾಸಿನವರಾದರೂ ಮನಬಂದಂತೆ ಒಪ್ಪಿಗೆಯನ್ನು ನಿರಾಕರಿಸುವಂತಿಲ್ಲ. ತಮ್ಮ ರೈತರು ಅದುವರೆಗೆ ವಾಸ್ತವವಾಗಿ ಅನುಭವಿಸುತ್ತ ಬಂದ ಹಕ್ಕಿನ ರಕ್ಷಣೆಗೆ ಎಷ್ಟು ಅವಶ್ಯವೋ ಅಷ್ಟು ಮಾತ್ರ ತಡೆಯಬಹುದು. ಭಿನ್ನಾಭಿಪ್ರಾಯವುಂಟಾದರೆ ಪಂಚಾಯಿತರಿಂದಾಗಲಿ ಭಾರತ ಸರ್ಕಾರದಿಂದಾಗಲಿ ಅದು ತೀರ್ಮಾನವಾಗಬೇಕು.

ಇದಾದ ಆರು ವರ್ಷಗಳ ಮೇಲೆ, ೧೮೯೮ರಲ್ಲಿ, ಮಾರಿಕಣಿವೆಯಲ್ಲಿ ಕಲ್ಲುಗಾರೆಯ ಕಟ್ಟೆಯ ಕೆಲಸವು ಆರಂಭವಾಗಿ ೧೯೦೭ರಲ್ಲಿ ಪೂರೈಸಿತು. ಆಗಿನ ರೀಜೆಂಟರಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರಿನಿಂದ ಅದು ವಾಣಿವಿಲಾಸ ಸಾಗರವಾಯಿತು. ಸುಮಾರು ಮೂವತ್ತು ಟಿ.ಎಂ.ಸಿ. ನೀರು ಹಿಡಿಯುವ ಈ ಜಲಾಶಯವು — ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ — ಮೊದಲ ಸಲ ತುಂಬಿ ಕೋಡಿ ಹರಿದುದು ೧೯೩೩ರಲ್ಲಿ. ಎರಡನೆಯ ಸಲ ಹರಿದುದು ಎಂಬತ್ತೊಂಬತ್ತು ವರ್ಷಗಳ ಮೇಲೆ, ೨೦೨೨ರಲ್ಲಿ. ಇಷ್ಟು ಅಪರೂಪವಾಗಿ ತುಂಬುವ ಹೊಳೆಯ ನೀರಿಗೆ ಎಷ್ಟು ಜನ ಕಾದಿರುವರೆಂಬುದನ್ನು ಹೇಳಬೇಕಾದುದಿಲ್ಲ.

ಆದರೆ ಈ ಒಡಂಬಡಿಕೆಯಲ್ಲಿ ಒಂದು ಕೊರತೆಯಿತ್ತು. ಮಾತುಕತೆಗೆ ಕುಳಿತವರಿಬ್ಬರೂ ಸಮಾನರಾಗಿರಲಿಲ್ಲ. ಮದ್ರಾಸು ಪ್ರಾಂತವು ಬ್ರಿಟಿಷರದು. ಮೈಸೂರು ಅವರ ಅಧಿರಾಜತ್ವಕ್ಕೆ ಒಳಪಟ್ಟ ಸಂಸ್ಥಾನ. ಕಾವೇರಿಯ ವಿಷಯದಲ್ಲಿ ವ್ಯಾಜ್ಯವು ಹುಟ್ಟಿ, ಮಧ್ಯಸ್ಥರಾದ ಗ್ರಿಫಿನ್ ಎಂಬವರು ೧೯೧೪ರಲ್ಲಿ ತೀರ್ಪು ಕೊಟ್ಟರು. ಮದ್ರಾಸಿನವರು ಅದನ್ನೊಪ್ಪದೆ ಲಂಡನ್ನಿನವರೆಗೂ ಹೋದರು, ತೀರ್ಪು ನಿಂತುಹೋಯಿತು, ೧೯೨೪ರಲ್ಲಿ ಹೊಸ ಕರಾರಾಗುವವರೆಗೆ ವಿವಾದವು ತೀರಲಿಲ್ಲ. ಬಲವಂತನು ಒಪ್ಪಿದಾಗ ಮಾತ್ರ ನಡೆಯುವ ಕಟ್ಟಳೆಯು ಅರ್ಧ ಕಟ್ಟಳೆಯೆಂಬ ನೋವು ಮೈಸೂರಿನವರಲ್ಲಿ ಬಹುಕಾಲ ಉಳಿಯಿತು.

ಸ್ವತಂತ್ರ ಭಾರತದಲ್ಲಿ ಈ ನ್ಯಾಯದ ರೂಪವು ಬದಲಾಯಿತು. ೧೯೫೬ರ ಕಾನೂನಿನ ಮೇರೆಗೆ ೧೯೬೯ರಲ್ಲಿ ನೇಮಕವಾದ ಬಚಾವತ್ ನ್ಯಾಯಮಂಡಲಿಯು ಕೃಷ್ಣಾ ನದಿಯ ೨೦೬೦ ಟಿ.ಎಂ.ಸಿ. ನೀರನ್ನು ಲೆಕ್ಕಕ್ಕೆ ಹಿಡಿದು, ಮಹಾರಾಷ್ಟ್ರಕ್ಕೆ ೫೬೦, ಕರ್ನಾಟಕಕ್ಕೆ ೭೦೦, ಆಗಿನ ಆಂಧ್ರಪ್ರದೇಶಕ್ಕೆ ೮೦೦ ಎಂದು ಹಂಚಿತು. ಅದರೊಳಗೆ ವೇದಾವತಿಯ ಉಪಕಣಿವೆಗೂ ಮಿತಿಯನ್ನು ಕಟ್ಟಿತು: ಕರ್ನಾಟಕವು ಇಲ್ಲಿ ವರ್ಷಕ್ಕೆ ೪೨ ಟಿ.ಎಂ.ಸಿ.ಯನ್ನು ಮೀರಿ ಬಳಸಕೂಡದು. ಈಗ ಭದ್ರೆಯ ನೀರನ್ನು ಚಿತ್ರದುರ್ಗದ ಸೀಮೆಗೆ ತರುವ ಭದ್ರಾ ಮೇಲ್ದಂಡೆ ಯೋಜನೆಯ ಮೇಲೂ ಆಂಧ್ರದ ಆಕ್ಷೇಪಣೆಯುಂಟು. ಕೊಳವೆ ಬಾವಿ ಬತ್ತಿದ ಹೊಳಲ್ಕೆರೆಯ ಅಡಕೆ ತೋಟದವನು ಕಾಲುವೆಯ ದಾರಿಯನ್ನು ಕಾಯುವಾಗ, ಕೆಳಗಣ ರೈತನು ತನ್ನ ಪಾಲು ತಪ್ಪೀತೆಂದು ಅಂಜುವನು. ಇಬ್ಬರ ಚಿಂತೆಯೂ ನಿಜವಾದುದೇ. ಕಟ್ಟಳೆಯು ಬೇಕಾದುದು ಅದಕ್ಕಾಗಿಯೇ.

ಈ ಹೊಳೆಯ ಕಥೆಯಿಂದ ಮೂರು ನೀತಿಗಳನ್ನು ತೆಗೆಯಬಹುದು. ಹೊಸದನ್ನು ಮಾಡುವವನು ಮುಂಚಿತವಾಗಿ ತಿಳಿಸಬೇಕು. ಇನ್ನೂ ಬಾರದವನ, ಬಲವಿಲ್ಲದವನ ಪಾಲನ್ನು ತೆಗೆದಿಡಬೇಕು. ಜಗಳವಾದರೆ ಇಬ್ಬರಿಗೂ ಸೇರದ ಮೂರನೆಯವನ ಮಾತನ್ನು ಇಬ್ಬರೂ ಕೇಳಬೇಕು. ರಾಷ್ಟ್ರಗಳು ಸಮುದ್ರಕ್ಕೆ ಮಾಡಿಕೊಂಡ ಕಟ್ಟಳೆಯಲ್ಲಿ ಇರುವುದೂ ಈ ಮೂರೇ. ಹೊಳೆಯ ನ್ಯಾಯವನ್ನೂ ಕಡಲಿನ ನ್ಯಾಯವನ್ನೂ ಎರಡನ್ನೂ ಬಲ್ಲ ಕನ್ನಡ ನಾಡಿನವರೊಬ್ಬರಿದ್ದರು. ೧೮೮೭ರಲ್ಲಿ ಮಂಗಳೂರಿನಲ್ಲಿ ಜನಿಸಿದ ಬೆನಗಲ್ ನರಸಿಂಗರಾಯರು, ಪಂಜಾಬು ಮತ್ತು ಸಿಂಧ್ ಪ್ರಾಂತಗಳಿಗೆ ಸಿಂಧೂನದಿಯ ನೀರಿನ ವಿಷಯವಾಗಿ ಉಂಟಾದ ವಿವಾದವನ್ನು ವಿಚಾರಿಸಿದ ಆಯೋಗಕ್ಕೆ ಅಧ್ಯಕ್ಷರಾಗಿದ್ದು ೧೯೪೨ರಲ್ಲಿ ವರದಿಯನ್ನು ಒಪ್ಪಿಸಿದರು. ಮುಂದೆ ವಿಶ್ವಸಂಸ್ಥೆಯು ಅಂತರರಾಷ್ಟ್ರೀಯ ಕಾನೂನಿನ ಆಯೋಗವನ್ನು ಸ್ಥಾಪಿಸಿದಾಗ ಅದರ ಮೊದಲ ಸದಸ್ಯರಲ್ಲಿ ಒಬ್ಬರಾದರು. ಆ ಆಯೋಗವು ೧೯೪೯ರ ತನ್ನ ಮೊದಲನೆಯ ಅಧಿವೇಶನದಲ್ಲಿಯೇ ಕೈಗೆತ್ತಿಕೊಂಡ ವಿಷಯಗಳಲ್ಲಿ ಸಮುದ್ರದ ಕಾನೂನೂ ಒಂದು.

ಅದಕ್ಕೆ ಮುಂಚೆ ಸಮುದ್ರಕ್ಕೆ ಕಟ್ಟಳೆಯೇ ಇರಲಿಲ್ಲವೇ? ಇದ್ದುದು ಬಲದ ಕಟ್ಟಳೆ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಜರು ಅರಬ್ಬೀ ಸಮುದ್ರವೇ ತಮ್ಮದೆಂದು, ತಮ್ಮ ರಹದಾರಿಯಿಲ್ಲದೆ ಯಾವ ಹಡಗೂ ಸಂಚರಿಸಕೂಡದೆಂದು ವಿಧಿಸಿದ್ದರು. ನಮ್ಮ ಕರಾವಳಿಯ ಬಂದರುಗಳಿಂದ ಅಕ್ಕಿಯನ್ನೂ ಮೆಣಸನ್ನೂ ಹೊತ್ತು ಹೊರಡುವ ಹಡಗುಗಳಿಗೂ ಈ ಕಾಟವು ತಪ್ಪಿರಲಿಲ್ಲ. ಅವರಿಗೆ ಪ್ರತಿಸ್ಪರ್ಧಿಗಳಾಗಿ ಬಂದ ಡಚ್ಚರ ಪರವಾಗಿ ಹ್ಯೂಗೋ ಗ್ರೋಷಿಯಸ್ ಎಂಬ ಪಂಡಿತನು ೧೬೦೯ರಲ್ಲಿ ಒಂದು ಪುಸ್ತಕವನ್ನು ಬರೆದು, ಗಾಳಿಯಂತೆ ಸಮುದ್ರವೂ ಯಾರ ಸ್ವತ್ತೂ ಆಗಲಾರದೆಂದು ವಾದಿಸಿದನು. ಕಾಲಕ್ರಮದಲ್ಲಿ ಆ ವಾದವೇ ಗೆದ್ದಿತು. ದಡದ ಕೋಟೆಯಿಂದ ಹಾರಿಸಿದ ಫಿರಂಗಿಯ ಗುಂಡು ಎಷ್ಟು ದೂರ ಬೀಳುವುದೋ ಅಷ್ಟು ನೀರು ಆಯಾ ರಾಜ್ಯದ್ದು, ಅದರಾಚೆ ಎಲ್ಲರದೂ ಎಂಬ ರೂಢಿಯಾಯಿತು. ಅದನ್ನು ಸುಮಾರು ಮೂರು ನಾವಿಕ ಮೈಲಿಯೆಂದು ಎಣಿಸಿದರು. ಒಂದು ನಾವಿಕ ಮೈಲಿಯು ೧.೮೫೨ ಕಿಲೋಮೀಟರು.

ಮೀನು ಬೇಕಾದಷ್ಟಿದ್ದು ಸಮುದ್ರದ ತಳವು ಕೈಗೆಟುಕದಿದ್ದ ಕಾಲಕ್ಕೆ ಆ ರೂಢಿಯು ಸಾಕಾಗಿತ್ತು. ಯಂತ್ರದ ದೋಣಿಗಳೂ, ಕಡಲಡಿಯ ಎಣ್ಣೆಯನ್ನು ತೆಗೆಯುವ ವಿದ್ಯೆಯೂ ಬಂದ ಮೇಲೆ ಸಾಲದಾಯಿತು. ೧೯೪೫ರ ಸೆಪ್ಟೆಂಬರ್ ೨೮ರಂದು ಅಮೆರಿಕದ ಅಧ್ಯಕ್ಷ ಟ್ರೂಮನ್ನರು, ತಮ್ಮ ದಡಕ್ಕೆ ಹೊಂದಿ ನೀರಿನಡಿಯಲ್ಲಿ ಚಾಚಿಕೊಂಡಿರುವ ನೆಲದ ಸಂಪತ್ತು ತಮ್ಮದೆಂದು ಸಾರಿದರು. ೧೯೫೨ರಲ್ಲಿ ಚಿಲಿ, ಪೆರು, ಎಕ್ವಡಾರ್ ದೇಶಗಳು ಇನ್ನೂರು ನಾವಿಕ ಮೈಲಿಯವರೆಗೆ ತಮ್ಮದೆಂದವು. ೧೯೫೮ರಲ್ಲಿ ಜಿನೀವಾ ನಗರದಲ್ಲಿ ರಾಷ್ಟ್ರಗಳು ಸೇರಿ ನಾಲ್ಕು ಒಪ್ಪಂದಗಳನ್ನು ಮಾಡಿದರೂ ಪ್ರಾದೇಶಿಕ ಸಮುದ್ರವು ಎಷ್ಟು ಅಗಲವೆಂಬುದು ತೀರ್ಮಾನವಾಗಲಿಲ್ಲ. ೧೯೬೦ರ ಎರಡನೆಯ ಸಮ್ಮೇಳನದಲ್ಲಿ ಒಂದೇ ಒಂದು ಮತದ ಕೊರತೆಯಿಂದ ಆ ಮಾತು ಮುರಿಯಿತು.

೧೯೬೭ರ ನವೆಂಬರ್ ೧ರಂದು, ಮಾಲ್ಟಾ ಎಂಬ ಪುಟ್ಟ ದ್ವೀಪರಾಜ್ಯದ ಪ್ರತಿನಿಧಿ ಆರ್ವಿಡ್ ಪಾರ್ಡೋ ಅವರು ವಿಶ್ವಸಂಸ್ಥೆಯಲ್ಲಿ ಎದ್ದು ನಿಂತು ದೀರ್ಘವಾದ ಭಾಷಣವನ್ನು ಮಾಡಿದರು. ಸಮುದ್ರದ ತಳದಲ್ಲಿ ಲೋಹಗಳ ರಾಶಿಯಿದೆ. ಯಂತ್ರಬಲವುಳ್ಳ ಕೆಲವೇ ದೇಶಗಳು ಅದನ್ನು ದೋಚಿಕೊಳ್ಳುವುದಕ್ಕೆ ಮುಂಚೆ, ಅದು ಮಾನವಕುಲದ ಸಮಾನ ಪಿತ್ರಾರ್ಜಿತವೆಂದು ಗೊತ್ತುಮಾಡಿರಿ ಎಂಬುದು ಅವರ ಮಾತಿನ ಸಾರಾಂಶ. ೧೯೭೦ರಲ್ಲಿ ವಿಶ್ವಸಂಸ್ಥೆಯು ಆ ತತ್ತ್ವವನ್ನು ಅಂಗೀಕರಿಸಿತು; ೧೯೭೩ರಲ್ಲಿ ಮೂರನೆಯ ಸಮ್ಮೇಳನವು ಸೇರಿತು.

ಈ ಸಮ್ಮೇಳನವು ನಡೆದ ಬಗೆಯೇ ಒಂದು ಪಾಠ. ಅದು ಒಂಬತ್ತು ವರ್ಷ ನಡೆಯಿತು. ಸಿಂಹಳದ ಅಮರಸಿಂಘೆಯವರು ೧೯೮೦ರಲ್ಲಿ ತೀರಿಕೊಳ್ಳುವವರೆಗೂ, ಅನಂತರ ಸಿಂಗಪುರದ ಟಾಮಿ ಕೋ ಅವರೂ ಅಧ್ಯಕ್ಷರಾಗಿದ್ದರು. ಬಹುಮತದಿಂದ ಒಬ್ಬರನ್ನೊಬ್ಬರು ಸೋಲಿಸಬಾರದು, ಎಲ್ಲರೂ ಒಪ್ಪುವ ಮಾತು ಸಿಕ್ಕುವವರೆಗೆ ಮತಕ್ಕೆ ಹಾಕಬಾರದು ಎಂದು ಮೊದಲೇ ಗೊತ್ತುಮಾಡಿಕೊಂಡರು. ಒಂದೊಂದು ವಿಷಯವನ್ನು ಬಿಡಿಬಿಡಿಯಾಗಿ ಒಪ್ಪುವಂತಿಲ್ಲ; ಇಡಿಯಾಗಿ ಒಪ್ಪಬೇಕು ಎಂಬುದೂ ಒಂದು ನಿಯಮ. ಇದರಿಂದ ಕೊಡುಕೊಳ್ಳುವುದಕ್ಕೆ ಅವಕಾಶವಾಯಿತು. ಹಡಗುಗಳಿಗೆ ಜಲಸಂಧಿಗಳಲ್ಲಿ ದಾರಿ ಬೇಕೆಂದ ದೊಡ್ಡ ರಾಷ್ಟ್ರಗಳಿಗೆ ದಾರಿ ದೊರೆಯಿತು. ತಮ್ಮ ದಡದ ಮೀನು ತಮಗೆ ಬೇಕೆಂದ ಬಡ ರಾಷ್ಟ್ರಗಳಿಗೆ ಮೀನು ದೊರೆಯಿತು. ಕಡೆಗೆ ೧೯೮೨ರ ಏಪ್ರಿಲ್ ೩೦ರಂದು ಮತಕ್ಕೆ ಹಾಕಿದಾಗ ೧೩೦ ದೇಶಗಳು ಪರವಾಗಿಯೂ ನಾಲ್ಕು ವಿರೋಧವಾಗಿಯೂ ನಿಂತವು, ೧೭ ತಟಸ್ಥವಾದವು. ಅದೇ ವರ್ಷ ಡಿಸೆಂಬರ್ ೧೦ರಂದು ಜಮೈಕಾ ದೇಶದ ಮಾಂಟೆಗೋ ಬೇ ಪಟ್ಟಣದಲ್ಲಿ ಸಹಿಗಳಾದವು. ೧೯೯೪ರ ನವೆಂಬರ್ ೧೬ರಿಂದ ಅದು ಜಾರಿಗೆ ಬಂದಿತು. ಭಾರತವು ೧೯೯೫ರಲ್ಲಿ ಅನುಮೋದಿಸಿತು.

ಅದರ ಹಂಚಿಕೆಯು ಹೀಗಿದೆ. ದಡದಿಂದ ಹನ್ನೆರಡು ನಾವಿಕ ಮೈಲಿಯವರೆಗೆ ಆಯಾ ದೇಶದ ಪ್ರಾದೇಶಿಕ ಸಮುದ್ರ. ಇನ್ನೂರು ಮೈಲಿಯವರೆಗೆ ಮೀನು, ಎಣ್ಣೆ ಮುಂತಾದ ಸಂಪತ್ತಿನ ಹಕ್ಕು ಆ ದೇಶದ್ದೇ. ಆದರೆ ಇತರರ ಹಡಗುಗಳು ಹಾದುಹೋಗುವುದಕ್ಕೆ ಅಡ್ಡಿಯಿಲ್ಲ. ಹಕ್ಕಿನೊಡನೆ ಹೊಣೆಯೂ ಉಂಟು: ಮೀನಿನ ಸಂತಾನವು ನಾಶವಾಗದಂತೆ ಹಿಡಿಯುವುದಕ್ಕೆ ಮಿತಿಯಿರಬೇಕು. ಪ್ರತಿ ವರ್ಷ ಜೂನ್ ಮೊದಲನೆಯ ತಾರೀಖಿನಿಂದ ಜುಲೈ ಕೊನೆಯವರೆಗೆ, ಅರವತ್ತೊಂದು ದಿನ, ಮಂಗಳೂರು, ಮಲ್ಪೆ, ಕಾರವಾರಗಳ ಯಂತ್ರದ ದೋಣಿಗಳು ದಡದಲ್ಲಿ ನಿಲ್ಲುವುದು ಇಂಥ ಮಿತಿಯ ಪಾಲನೆಯೇ ಆಗಿದೆ. ಕಡಲಿನ ದಡವೇ ಇಲ್ಲದ ನೇಪಾಳ, ಬೊಲಿವಿಯಾಗಳಂಥ ದೇಶಗಳನ್ನೂ ಕಟ್ಟಳೆಯು ಮರೆತಿಲ್ಲ. ನೆರೆಯವರ ನೆಲದ ಮೂಲಕ ಸಮುದ್ರಕ್ಕೆ ಹೋಗಿಬರುವ ಹಕ್ಕು ಅವಕ್ಕೂ ಉಂಟು.

ರಾಷ್ಟ್ರಗಳ ಮೇರೆಗಳಿಂದಾಚೆಗಿರುವ ಕಡಲ ತಳಕ್ಕೂ ನಮ್ಮ ಸೀಮೆಗೂ ಒಂದು ಹಳೆಯ ಸಂಬಂಧವುಂಟು. ಚಿತ್ರದುರ್ಗದ ಆಗ್ನೇಯಕ್ಕಿರುವ ಮರಡಿಹಳ್ಳಿಯಲ್ಲಿ, ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದಂತೆ ಕಾಣುವ ಬಂಡೆಗಳಿವೆ. ಕಾದ ಶಿಲಾರಸವು ನೀರಿನೊಳಗೆ ಉಕ್ಕಿ ಥಟ್ಟನೆ ತಣಿದರೆ ಮಾತ್ರ ಇಂಥ ಆಕಾರವಾಗುವುದು. ಆದ್ದರಿಂದ ಸುಮಾರು ಇನ್ನೂರೈವತ್ತು ಕೋಟಿ ವರ್ಷಗಳ ಹಿಂದೆ ಆ ನೆಲವು ನೀರಿನ ತಳವಾಗಿತ್ತೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ೧೯೭೬ರಲ್ಲಿ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಲಾಯಿತು. ಈ ಸೀಮೆಯ ಶಿಲೆಗಳಲ್ಲಿ ಕಬ್ಬಿಣವೂ ಮ್ಯಾಂಗನೀಸೂ ತಾಮ್ರವೂ ದೊರೆಯುವುದನ್ನು ಎಲ್ಲರೂ ಬಲ್ಲರು.

ಇಂದಿನ ಮಹಾಸಾಗರದ ತಳದಲ್ಲಿಯೂ, ನಾಲ್ಕರಿಂದ ಆರು ಸಾವಿರ ಮೀಟರುಗಳ ಆಳದಲ್ಲಿ, ಆಲೂಗಡ್ಡೆಯಂಥ ಕಪ್ಪು ಗಂಟುಗಳು ಹರಡಿವೆ. ಅವುಗಳಲ್ಲಿ ಮ್ಯಾಂಗನೀಸು, ನಿಕ್ಕಲು, ತಾಮ್ರ, ಕೋಬಾಲ್ಟುಗಳಿವೆ. ಹತ್ತು ಲಕ್ಷ ವರ್ಷಗಳಿಗೆ ಕೆಲವೇ ಮಿಲಿಮೀಟರುಗಳಷ್ಟು ಅವು ಬೆಳೆಯುವುವು. ಇವನ್ನು ಕಾಯಲು ಜಮೈಕಾದ ಕಿಂಗ್‌ಸ್ಟನ್ ನಗರದಲ್ಲಿ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರವು ಸ್ಥಾಪಿತವಾಗಿದೆ. ಅದರ ಹಂಚಿಕೆಯ ನಿಯಮವು ನಮ್ಮ ಗೃಹಿಣಿಯರಿಗೆ ಬಹಳ ಪರಿಚಿತವಾದುದು. ಒಂದೇ ಹೋಳಿಗೆಯನ್ನು ಇಬ್ಬರು ಮಕ್ಕಳಿಗೆ ಕೊಡಬೇಕಾದಾಗ, ಒಬ್ಬನು ಮುರಿಯಲಿ, ಇನ್ನೊಬ್ಬನು ಆರಿಸಲಿ ಎನ್ನುವರಷ್ಟೆ. ಹಾಗೆಯೇ, ಗಂಟುಗಳನ್ನು ಶೋಧಿಸಬಯಸುವ ಮುಂದುವರಿದ ದೇಶವು ಸಮಬೆಲೆಯ ಎರಡು ಭಾಗಗಳನ್ನು ತೋರಿಸಬೇಕು. ಪ್ರಾಧಿಕಾರವು ಅದರಲ್ಲೊಂದನ್ನು ಆರಿಸಿ ಹಿಂದುಳಿದ ದೇಶಗಳಿಗಾಗಿ ತೆಗೆದಿಡುವುದು. ಭಾರತವು ೧೯೮೭ರಲ್ಲಿ ಮೊತ್ತಮೊದಲ ಅಗ್ರಗಾಮಿ ಶೋಧಕ ರಾಷ್ಟ್ರವೆಂದು ನೋಂದಣಿಯಾಗಿ, ೨೦೦೨ರಲ್ಲಿ ಕರಾರು ಮಾಡಿಕೊಂಡು, ಹಿಂದೂ ಮಹಾಸಾಗರದ ಮಧ್ಯದಲ್ಲಿ ೭೫,೦೦೦ ಚದರ ಕಿಲೋಮೀಟರುಗಳ ಶೋಧನೆಯ ಹಕ್ಕನ್ನು ಪಡೆದಿದೆ. ಇದು ಚಿತ್ರದುರ್ಗ ಜಿಲ್ಲೆಯ ಸುಮಾರು ಒಂಬತ್ತರಷ್ಟು.

ಇನ್ನು ಮೂರನೆಯವನ ಮಾತು. ಬಂಗಾಳ ಕೊಲ್ಲಿಯಲ್ಲಿ ಭಾರತಕ್ಕೂ ಬಾಂಗ್ಲಾದೇಶಕ್ಕೂ ಮೇರೆಯ ವ್ಯಾಜ್ಯವಿದ್ದಿತು. ಈ ಕಾನೂನಿನ ಮೇರೆಗೆ ರಚಿತವಾದ ಪಂಚಾಯಿತ ಮಂಡಲಿಯು ೨೦೧೪ರ ಜುಲೈ ೭ರಂದು ತೀರ್ಪಿತ್ತು, ವಿವಾದದಲ್ಲಿದ್ದ ೨೫,೬೦೨ ಚದರ ಕಿಲೋಮೀಟರುಗಳಲ್ಲಿ ೧೯,೪೬೭ನ್ನು ಬಾಂಗ್ಲಾದೇಶಕ್ಕೆ ಕೊಟ್ಟಿತು. ಭಾರತವು ದೊಡ್ಡ ರಾಷ್ಟ್ರ, ನೌಕಾಬಲವೂ ಹೆಚ್ಚು. ಆದರೂ ತೀರ್ಪನ್ನು ಒಪ್ಪಿತು. ೧೯೧೪ರ ತೀರ್ಪಿಗೆ ಆದ ಗತಿಯನ್ನು ಬಲ್ಲ ಕನ್ನಡಿಗರು ಈ ಒಪ್ಪಿಗೆಯ ಬೆಲೆಯನ್ನು ಇತರರಿಗಿಂತ ಚೆನ್ನಾಗಿ ತಿಳಿಯಬಲ್ಲರು.

ಆದರೂ ಕಡಲಿನ ಕಟ್ಟಳೆಯು ಪೂರ್ಣವಾಯಿತೆಂದು ಹೇಳುವಂತಿಲ್ಲ. ೧೯೮೨ರಲ್ಲಿ ವಿರೋಧವಾಗಿ ನಿಂತ ಅಮೆರಿಕವು ಆ ಒಪ್ಪಂದಕ್ಕೆ ಸೇರದೆಯೇ ಉಳಿದುಕೊಂಡಿದ್ದು, ೨೦೨೫ರ ಏಪ್ರಿಲ್‌ನಲ್ಲಿ ತನ್ನದೇ ಕಾನೂನಿನ ಮೇರೆಗೆ ಆಳಸಮುದ್ರದ ಗಣಿಗಳಿಗೆ ಅಪ್ಪಣೆ ಕೊಡುವ ದಾರಿಯನ್ನು ಹಿಡಿಯಿತು. ಗಣಿಗಾರಿಕೆಗೆ ಪ್ರಾಧಿಕಾರವು ಮಾಡಬೇಕಾಗಿದ್ದ ನಿಯಮಗಳು ೨೦೨೫ರ ಜುಲೈ ಅಧಿವೇಶನದಲ್ಲಿಯೂ ಪೂರೈಸಲಿಲ್ಲ. ತಳದ ಕೆಸರನ್ನು ಕಲಕಿದರೆ ಅಲ್ಲಿಯ ಜೀವಿಗಳಿಗೆ ಆಗುವ ಹಾನಿಯು ಮತ್ತೆ ಸರಿಹೋಗುವುದೋ ಇಲ್ಲವೋ ಎಂದು ಶಂಕಿಸಿ, ಸದ್ಯಕ್ಕೆ ಅದನ್ನು ಮುಟ್ಟದಿರುವುದೇ ಲೇಸೆಂದು ಮೂವತ್ತಕ್ಕೂ ಹೆಚ್ಚು ದೇಶಗಳು ಹೇಳಿವೆ. ಇದರ ನಡುವೆ ಒಂದು ಶುಭವಾರ್ತೆಯೂ ಉಂಟು. ಯಾವ ದೇಶಕ್ಕೂ ಸೇರದ ಸಮುದ್ರದ ಜೀವರಾಶಿಯನ್ನು ರಕ್ಷಿಸಲು ೨೦೨೩ರ ಜೂನ್‌ನಲ್ಲಿ ಅಂಗೀಕೃತವಾದ ಹೊಸ ಒಪ್ಪಂದಕ್ಕೆ ಅರವತ್ತು ದೇಶಗಳ ಅನುಮೋದನೆಯು ೨೦೨೫ರ ಸೆಪ್ಟೆಂಬರ್‌ನಲ್ಲಿ ದೊರೆತು, ೨೦೨೬ರ ಜನವರಿ ೧೭ ಅದರ ಜಾರಿಯ ದಿನವೆಂದು ಗೊತ್ತಾಯಿತು. ಭಾರತವು ೨೦೨೪ರಲ್ಲಿಯೇ ಅದಕ್ಕೆ ಸಹಿ ಹಾಕಿದೆ.

ಕಟ್ಟಳೆಗೆ ಸೈನ್ಯದ ಬಲವಿಲ್ಲದಿದ್ದರೆ ಅದರಿಂದೇನು ಫಲವೆಂದು ಕೇಳುವವರಿದ್ದಾರೆ. ನೀರುಗಂಟಿಗೆ ಯಾವ ಸೈನ್ಯವಿತ್ತು? ತೂಬಿನ ಬಳಿಯ ದೊಡ್ಡ ರೈತನು ಅವನನ್ನು ತಳ್ಳಿ ತಾನೇ ಮಡೆಯನ್ನು ತೆರೆದುಕೊಳ್ಳಬಹುದಾಗಿತ್ತು. ಹಾಗೆ ಮಾಡದೆ ಇದ್ದುದು, ಇಂದು ತಾನು ಮುರಿದ ಸರದಿಯನ್ನು ನಾಳೆ ಇನ್ನೊಬ್ಬನು ಮುರಿಯುವನೆಂಬ ತಿಳಿವಳಿಕೆಯಿಂದಲೂ, ಊರಿನವರ ಮಾತಿಗೆ ಅಂಜಿಯೂ. ರಾಷ್ಟ್ರಗಳ ನಡುವೆಯೂ ಇರುವ ಬಲವು ಇದೇ. ಅದು ಸಣ್ಣ ಬಲವಲ್ಲ. ಆದರೆ ಊರಿನವರು ಮಾತನಾಡುವುದನ್ನು ಬಿಟ್ಟರೆ ಅದು ಉಳಿಯದು. ಆದ್ದರಿಂದ ಕಡಲನ್ನು ಕಾಣದ ನಮ್ಮ ಮನೆಗಳಲ್ಲಿಯೂ ಈ ಸಮಾಚಾರಗಳನ್ನು ಓದಿ, ಮಕ್ಕಳಿಗೆ ತಿಳಿಸಿ, ನಮ್ಮ ಸರ್ಕಾರವು ಆ ಸಭೆಗಳಲ್ಲಿ ಯಾರ ಪಾಲನ್ನು ತೆಗೆದಿಡಬೇಕೆಂದು ವಾದಿಸುತ್ತದೆಂಬುದನ್ನು ವಿಚಾರಿಸುತ್ತಿರುವುದು ಯುಕ್ತವಾದುದು. ಮೇಲಿನಿಂದ ಬರುವ ನೀರಿನಲ್ಲಿ ತಮಗೆ ನ್ಯಾಯವಾದ ಪಾಲು ಬೇಕೆಂದು ಕೇಳುವ ಜನರು, ಕೆಳಗೆ ಕಾದಿರುವವರಿಗೂ ಇನ್ನೂ ಹುಟ್ಟದವರಿಗೂ ಅದೇ ನ್ಯಾಯವು ಸಲ್ಲತಕ್ಕದ್ದೆಂದು ಹೇಳಬೇಕಾದವರೂ ಆಗಿದ್ದಾರೆ.